ಹಲಗೆಯ ಕೆಳಗಿನ ಕೋಲು

ಜನವರಿ ೧೨

ಮಗಳೇ,

ಗಂಟೆ ಹೊಡೆಯಿತು, ಪರದೆ ಸರಿಯಿತು, ನಿನ್ನಪ್ಪ ರಂಗಕ್ಕೆ ಬಂದ. ಚಪ್ಪಾಳೆ ಆಮೇಲೆ ತಟ್ಟುವೆಯಂತೆ, ಮೊದಲು ಓದು.

ಫೋನು ಮಾಡಬಾರದೇ ಎಂದು ಕೇಳಬೇಡ. ಹೋದ ಸಲ ನೀನು ಫೋನಿನಲ್ಲಿ ಏನು ಹೇಳಿದೆಯೋ ನನಗೆ ಒಂದಕ್ಷರ ಕೇಳಲಿಲ್ಲ. ನಾನು ಹೇಳಿದ್ದು ಮಾತ್ರ ಇಡೀ ಬೀದಿಗೆ ಕೇಳಿತು. ಮಾರನೆಯ ಬೆಳಿಗ್ಗೆ ಹಾಲಿನವಳು ಬಾಗಿಲಲ್ಲಿ ನಿಂತು, "ಮಗಳಿಗೆ ನೆಗಡಿ ಕಡಿಮೆ ಆಯ್ತಾ?" ಎಂದು ವಿಚಾರಿಸಿದಳು. ನಾಟಕ ಕಂಪನಿ ಮುಚ್ಚಿ ಇಷ್ಟು ಕಾಲವಾದರೂ ಈ ಗಂಟಲಿಗೆ ಕೊನೆಯ ಸಾಲಿನವನನ್ನು ಮುಟ್ಟುವ ಚಾಳಿ ಬಿಟ್ಟಿಲ್ಲ. ಕಿವಿಗಳು ಮಾತ್ರ ಸಂಬಳ ಸಾಲದ ನಟರ ಹಾಗೆ ಹೇಳದೆ ಕೇಳದೆ ಒಂದೊಂದಾಗಿ ಕಂಪನಿ ಬಿಟ್ಟುಹೋದವು.

ವಿಷಯಕ್ಕೆ ಬರುತ್ತೇನೆ. ನಮ್ಮ ಯಜಮಾನ, ಅಂದರೆ ಊರೂರಿಗೆ ಪರದೆ, ದೀಪ, ಕುರ್ಚಿಗಳನ್ನು ಬಾಡಿಗೆಗೆ ಕೊಡುವ ಆ ಪುಣ್ಯಾತ್ಮ, ಹೋದ ವಾರ ನನ್ನನ್ನು ಕರೆದ. ನಾನು ಪಟ್ಟದಾನೆಯನ್ನು (ನಮ್ಮ ವ್ಯಾನಿಗೆ ನಾನಿಟ್ಟ ಹೆಸರು ನಿನಗೆ ಗೊತ್ತು) ಆಗಷ್ಟೇ ಗೋದಾಮಿಗೆ ತಂದು ನಿಲ್ಲಿಸಿದ್ದೆ. ಕಾಗದದ ಮೇಲೆ ಬರೆದು ತೋರಿಸುವ ತಾಳ್ಮೆ ಅವನಿಗಿಲ್ಲ. ಮುಖಕ್ಕೆ ಮುಖ ಕೊಟ್ಟು ಬಾಯಿ ಅಗಲಿಸಿ ಕೂಗಿದ.

"ಅಣ್ಣ, ಹಿಂದೆ ಬರ್ತಿದ್ದ ಬಸ್ಸಿನ ಹಾರ್ನ್ ಕೇಳಿಸಲಿಲ್ವಾ ನಿಮಗೆ? ಗೆರೆ ದಾಟಿ ಅವನ ಮೇಲೇ ಹೋಗ್ತಿದ್ರಂತೆ."

"ಇಲ್ಲ ಕಣೋ."

"ಅವನು ಗಂಟಲು ಹರ್ಕೊಂಡು ಬೈದನಲ್ಲ, ಅದೂ ಕೇಳಿಸಲಿಲ್ವಾ?"

"ಈಗಿನವರ ಬೈಗುಳದಲ್ಲಿ ಪ್ರಾಸವೇ ಇರಲ್ಲ. ಕೇಳಿಸಿಕೊಂಡು ಏನು ಮಾಡಲಿ?"

ಅವನು ನಗಲಿಲ್ಲ. ಅಲ್ಲಿಗೆ ನನಗೆ ಅರ್ಥವಾಯಿತು, ಇದು ಹಾಸ್ಯದ ದೃಶ್ಯವಲ್ಲ. ಪಟ್ಟದಾನೆಗೆ ವಯಸ್ಸಾಯಿತಂತೆ, ವರ್ಷದ ಕೊನೆಗೆ ಹೊಸ ಗಾಡಿ ಬರುತ್ತದಂತೆ. ಗೆರೆ ದಾಟಿದರೆ ಆ ಗಾಡಿಯ ಸ್ಟೀರಿಂಗ್ ಚಕ್ರವೇ ಕೈಯಲ್ಲಿ ನಡುಗಿ ಎಚ್ಚರಿಸುತ್ತದಂತೆ. "ಅಂಥ ಚಕ್ರ ಬಂದ್ರೆ ನೀವೇ ಓಡಿಸಿ ಅಣ್ಣ. ಬರದಿದ್ರೆ ಕೀ ಕೊಟ್ಟುಬಿಡಿ, ನನ್ನ ಎದೆ ತಡೆಯಲ್ಲ" ಎಂದ.

ಚಕ್ರ ಮಾಡುವ ಕಾರ್ಖಾನೆಯಲ್ಲಿ ನೀನಿದ್ದೀಯ. ಹೇಳು, ಈ ನಡುಗುವ ಮಾಯೆ ನಿಜವೋ, ಯಜಮಾನನ ಕಟ್ಟುಕಥೆಯೋ? ಕಿರೀಟ ಹೋಯಿತು, ನಿನ್ನಮ್ಮ ಹೋದಳು. ಕೈಯಲ್ಲಿ ಉಳಿದಿರುವುದು ಈ ಒಂದು ಚಕ್ರ.

ಉತ್ತರಕ್ಕೆ ಕಾದಿರುವ,
ನಿನ್ನಪ್ಪ

ಜನವರಿ ೨೬

ಅಪ್ಪ,

ಓದುವ ಮೊದಲೇ ಚಪ್ಪಾಳೆ ತಟ್ಟಿದೆ. ಪಕ್ಕದ ಮೇಜಿನವರು ಏನಾಯಿತೋ ಎಂದು ತಿರುಗಿ ನೋಡಿದರು.

ನಿಮ್ಮ ಯಜಮಾನರು ಹೇಳಿದ ಚಕ್ರ ಕಟ್ಟುಕಥೆಯಲ್ಲ. ಈ ಕಾಗದ ಬರೆಯುವಾಗ ನನ್ನ ಮೊಣಕೈ ಊರಿರುವುದು ಅಂಥದೊಂದರ ಮೇಲೇ. ತೊಂದರೆ ಇಷ್ಟೇ, ಅದು ನಡುಗುತ್ತಿಲ್ಲ.

ಚಕ್ರದ ಒಳಗೆ ಲೋಹದ ಬಳೆಯೊಂದು ಇರುತ್ತದೆ, ಅದು ಎಲುಬು. ಎಲುಬಿಗೆ ಹೆಬ್ಬೆರಳು ಗಾತ್ರದ ಮೋಟಾರನ್ನು ಕೂರಿಸುತ್ತೇವೆ. ಮೋಟಾರಿನ ತುದಿಯಲ್ಲಿ ಒಂದು ಪಕ್ಕಕ್ಕೆ ವಾಲಿದ ತೂಕದ ತುಂಡಿದೆ. ಅದು ಓರೆಯಾಗಿ ಗಿರಗಿರನೆ ತಿರುಗುವುದರಿಂದಲೇ ನಡುಕ. ಆಮೇಲೆ ಎಲುಬನ್ನು ಮೋಟಾರಿನ ಸಮೇತ ಅಚ್ಚಿನೊಳಗೆ ಮಲಗಿಸಿ, ಮುಚ್ಚಳ ಬಿಗಿದು, ಎರಡು ದ್ರವಗಳನ್ನು ಬೆರೆಸಿ ಒಳಗೆ ಹಾಯಿಸುತ್ತೇವೆ. ಬೆರೆತ ಗಳಿಗೆಯಲ್ಲಿ ಅದು ಹಾಲಿನಷ್ಟು ತೆಳು. ನೋಡುನೋಡುತ್ತಲೇ ಉಕ್ಕಿ, ನೊರೆಯಾಗಿ, ಎಲುಬಿನ ಸುತ್ತ ಮಾಂಸದಂತೆ ಕಟ್ಟಿಕೊಳ್ಳುತ್ತದೆ. ನಿಮ್ಮ ಕೈಗೆ ಮೆತ್ತಗೆ ಸಿಗುವುದು ಅದೇ ನೊರೆ. ಅದರ ಮೇಲೆ ಚರ್ಮ ಹೊಲಿಯುತ್ತಾರೆ.

ಉಕ್ಕುವ ನೊರೆಗೆ ನಾಚಿಕೆ ಎಂಬುದಿಲ್ಲ. ಮೋಟಾರಿನ ಡಬ್ಬಿ ಎರಡು ಹೋಳು. ಹೋಳುಗಳ ನಡುವಿನ ಸಂದಿ, ತಂತಿ ಹೊರಬರುವ ತೂತು, ಎಲ್ಲಿ ಕೂದಲೆಳೆಯಷ್ಟು ಜಾಗ ಸಿಕ್ಕಿದರೂ ಒಳನುಗ್ಗಿ ಆ ತೂಕದ ತುಂಡನ್ನು ಅಪ್ಪಿಕೊಂಡು ಗಟ್ಟಿಯಾಗಿಬಿಡುತ್ತದೆ. ಚಕ್ರವನ್ನು ಕೊಯ್ದು ನೋಡಿದರೆ ಪಾಪದ ಮೋಟಾರು ಜೀವಂತ ಸಮಾಧಿಯಾಗಿರುತ್ತದೆ. ಸಂದಿಗೆ ಟೇಪು ಸುತ್ತಿ ನೋಡಿದೆವು. ಅಚ್ಚಿನ ಬಿಸಿಗೆ ಅಂಟು ಬಿಟ್ಟುಕೊಂಡಿತು.

ನಮ್ಮ ದೊಡ್ಡವರು, ಅಂದರೆ ಮ್ಯಾನೇಜರು, ನಿನ್ನೆ ಬಂದು, "ಬೇಸಿಗೆಯೊಳಗೆ ಸರಿಹೋಗದಿದ್ರೆ ಗಾಡಿ ಕಂಪನಿಯವರು ಮೋಟಾರೇ ಬೇಡ ಅಂತಾರಮ್ಮ. ಒಂದು ಬಜರ್ ಇಡ್ತಾರೆ. ಕುಂಯ್ ಅಂದ್ರೆ ಸಾಕಲ್ವಾ?" ಎಂದರು.

"ಕಿವಿ ಇದ್ದೋರಿಗೆ ಸಾಕು ಸರ್" ಎಂದೆ. ಅವರಿಗೆ ನಿಮ್ಮ ವಿಷಯ ಗೊತ್ತಿಲ್ಲ.

ನನ್ನನ್ನು ಕೇಳಿದರೆ ಗಾಡಿ ಓಡಿಸುವುದನ್ನು ಇವತ್ತೇ ನಿಲ್ಲಿಸಿ ಎನ್ನುತ್ತೇನೆ. ನೀವು ನಿಲ್ಲಿಸುವವರಲ್ಲ. ಆದ್ದರಿಂದ ಕೇಳಿಲ್ಲವೆಂದೇ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತೇನೆ. ಈ ಚಕ್ರ ಸರಿಹೋಗುವವರೆಗೆ ಓಡಿಸುವಾಗ ಸಂಭಾಷಣೆ ಹೇಳಬೇಡಿ. ಎರಡೂ ಕೈ ಎತ್ತುವ ದೃಶ್ಯಗಳಂತೂ ಖಂಡಿತ ಬೇಡ.

ನಿಮ್ಮ ಮಗಳು

ಫೆಬ್ರವರಿ ೯

ಮಗಳೇ,

ನಿನ್ನ ಕಾಗದವನ್ನು ಗೋದಾಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಜೀವಂತ ಸಮಾಧಿ ಎಂಬಲ್ಲಿ ದೀಪದವನು ಕಣ್ಣೊರೆಸಿಕೊಂಡ. ಮಾತು ಬರೆಯುವ ಕೈ ನಿನ್ನದು. ಚಕ್ರದ ಕಾರ್ಖಾನೆಯಲ್ಲಿ ವ್ಯರ್ಥವಾಗುತ್ತಿದೆ.

ಮೋಟಾರಿಗೆ ರೇಷ್ಮೆ ಬಟ್ಟೆ ಸುತ್ತು. ಆಗದಿದ್ದರೆ ಮೇಣದಲ್ಲಿ ಅದ್ದು. ನಗಬೇಡ, ದೀಪದವನ ಸಲಹೆ ಇನ್ನೂ ಘನವಾಗಿತ್ತು: ನೊರೆಯನ್ನೇ ನಿಧಾನವಾಗಿ ಉಕ್ಕು ಎಂದು ಕೇಳಿಕೊಳ್ಳಬೇಕಂತೆ.

ಆದರೆ ಒಂದು ಮಾತು ನನ್ನನ್ನು ಹಿಡಿದು ಕೂರಿಸಿತು. ಕಣ್ಣಿಗೆ ಕಾಣದಂತೆ ಒಳಗೆ ಕೂತು, ಹೊರಗಿನವನು ದಾರಿ ತಪ್ಪಿದಾಗ ನಡುಗಿ ಎಚ್ಚರಿಸುವ ಜೀವ. ಅದು ನನಗೆ ಹೊಸದೇನೇ ಮಗಳೇ? ನಾನು ಅಂಥವಳ ಜೊತೆ ಸಂಸಾರ ಮಾಡಿದವನು.

ನಿನ್ನಮ್ಮ ಕಂಪನಿಯ ಪ್ರಾಂಪ್ಟರ್. ನಟ ಮಾತು ಮರೆತರೆ ಮೊದಲ ಪದ ಎತ್ತಿಕೊಡುವವಳು. ರಂಗದ ಮುಂಭಾಗದಲ್ಲಿ ಹಲಗೆ ಕೊಯ್ದು ಒಂದು ಗುಂಡಿ, ಗುಂಡಿಯ ಮೇಲೆ ಆಮೆಚಿಪ್ಪಿನಂಥ ಮರದ ಗೂಡು. ಗೂಡಿನ ಬೆನ್ನು ಪ್ರೇಕ್ಷಕರ ಕಡೆಗೆ, ಬಾಯಿ ನನ್ನ ಕಡೆಗೆ. ಮೇಲಿನಿಂದ ಧೂಳು ಬೀಳಲಿ, ಮುಂದಿನ ಸಾಲಿನವರು ಬೀಡಿಯ ತುಂಡು ಎಸೆಯಲಿ, ಎಲ್ಲ ಬೆನ್ನಿನ ಮೇಲೆ ಜಾರಿ ಹೋಗುತ್ತಿತ್ತು. ಒಳಗೆ ಅವಳು, ಪುಟ್ಟ ದೀಪ, ಮಡಿಲಲ್ಲಿ ಹಸ್ತಪ್ರತಿ.

ಬೇರೆ ನಟರಿಗೆಲ್ಲ ಪಿಸುಮಾತು ಸಾಕಾಗುತ್ತಿತ್ತು. ನನ್ನ ಗಂಟಲಿನ ಅಬ್ಬರದಲ್ಲಿ ಅವಳ ಪಿಸುಮಾತು ನನಗೇ ಕೇಳುತ್ತಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾಗಿ, ಅವಳು ಒಂದು ಕೋಲು ತಂದಳು. ನಾನು ನಿಂತ ಹಲಗೆಗೆ ಕೆಳಗಿನಿಂದ ಕುಟ್ಟುತ್ತಿದ್ದಳು. ಒಂದು ಪೆಟ್ಟು ಎಂದರೆ, "ಮಾತು ಮರೆತಿದ್ದೀರಿ, ನನ್ನ ಬಾಯಿ ನೋಡಿ." ಎರಡು ಎಂದರೆ, "ಪುಟ ಹಾರಿದ್ದೀರಿ, ಹಿಂದಕ್ಕೆ ಬನ್ನಿ." ಅಂಗಾಲಿಗೆ ಮುಟ್ಟುತ್ತಿತ್ತು. ಸಭೆಯಲ್ಲಿ ಒಬ್ಬ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ನನ್ನ ಕಿವಿ ಹೋಗಿ ಎಷ್ಟು ಕಾಲದ ಮೇಲೆ ಕಂಪನಿಗೆ ಸುದ್ದಿ ತಿಳಿಯಿತೆಂದು ತಿಳಿದಿದ್ದೀ? ಅವಳ ಕೋಲು ಅದನ್ನು ಮುಚ್ಚಿಟ್ಟಿತ್ತು.

ಮೂರನೆಯದೊಂದಿತ್ತು. ಕೋಲನ್ನು ಹಲಗೆಯ ಉದ್ದಕ್ಕೂ ಗರ್ರ್ ಎಂದು ಎಳೆಯುವುದು. ಅದರ ಅರ್ಥ, "ಸಾಕು, ನಿಮ್ಮ ಕೆಲಸ ಮುಗಿಯಿತು, ಒಳಗೆ ನಡೀರಿ." ಜನ ಸಿಳ್ಳೆ ಹೊಡೆಯುತ್ತಿರುವಾಗ ಒಳಗೆ ಹೋಗುವುದೇ? ನಾನು ಮೆಲ್ಲಗೆ ಒಂದು ಹೆಜ್ಜೆ ಪಕ್ಕದ ಹಲಗೆಗೆ ಸರಿದು ನಿಲ್ಲುತ್ತಿದ್ದೆ. ಅವಳು ಅಲ್ಲಿಗೂ ಗೀಚುತ್ತಿದ್ದಳು. ನಾನು ಇನ್ನೊಂದು ಹಲಗೆಗೆ. ಹಾಗೆ ಇಡೀ ರಂಗ ಸುತ್ತಿದ ದಿನಗಳಿವೆ. ಜನ ಅದನ್ನು ದೊರೆಯ ಗಾಂಭೀರ್ಯದ ನಡಿಗೆ ಎಂದು ಹೊಗಳಿದರು.

ಅಂಗಾಲು ತುರಿಸುತ್ತಿರುವ,
ನಿನ್ನಪ್ಪ

ಮಾರ್ಚ್ ೪

ಅಪ್ಪ,

ತಡವಾಯಿತು. ಗೆದ್ದೆವು ಎಂದು ಬರೆಯಲು ಕಾಗದ ತೆಗೆದಿಟ್ಟಿದ್ದೆ, ಗೆಲ್ಲಲಿಲ್ಲ.

ಮೋಟಾರಿಗೆ ದಪ್ಪ ರಬ್ಬರಿನ ಅಂಗಿ ತೊಡಿಸಿದೆವು, ಮೈತುಂಬ, ಎಲ್ಲೂ ಹೊಲಿಗೆಯಿಲ್ಲದ್ದು. ಅಚ್ಚಿನ ಮೇಸ್ತ್ರಿ ಅಚ್ಚು ತೆರೆದರು, ಚಕ್ರ ಕೊಯ್ದರು. ಒಳಗೆ ಒಂದು ಹನಿ ನೊರೆಯಿಲ್ಲ. ಕರೆಂಟು ಕೊಟ್ಟರೆ ಮೋಟಾರು ಗುಂಯ್ ಎಂದು ತಿರುಗಿತು. ಮೇಸ್ತ್ರಿ, "ಕೂಸು ಕೆಮ್ಮಿತು ಕಣಮ್ಮ" ಎಂದು ಎಲ್ಲರಿಗೂ ಟೀ ತರಿಸಿದರು.

ಟೀ ಆರುವ ಮೊದಲೇ ಖುಷಿ ಆರಿತು. ಹೊಲಿಗೆ ಮೇಜಿನ ಅಕ್ಕನನ್ನು ಕರೆದು ಇಡೀ ಚಕ್ರವೊಂದನ್ನು ಹಿಡಿಸಿದೆವು. ಅವರ ಬೆರಳು ಸೂಜಿಯ ಮೊನೆಯನ್ನು ಕಣ್ಣುಮುಚ್ಚಿ ಗುರುತಿಸುವಂಥದು.

"ಆನ್ ಮಾಡಿ" ಎಂದರು.

"ಆನ್ ಆಗಿದೆಯಲ್ಲಕ್ಕ."

"ಹೌದಾ? ನಂಗೇನೂ ಗೊತ್ತಾಗ್ತಿಲ್ಲ. ನಿದ್ದೆ ಬರೋ ಹಾಗಿದೆ ಅಷ್ಟೇ."

ರಬ್ಬರು ನೊರೆಯನ್ನು ಹೊರಗಿಟ್ಟಿತು, ನಡುಕವನ್ನು ಒಳಗಿಟ್ಟಿತು. ಮೋಟಾರು ಸುಖವಾಗಿ ಬದುಕಿದೆ, ಯಾರಿಗೂ ಉಪಯೋಗವಿಲ್ಲದೆ. ದೊಡ್ಡವರು ಬಜರಿನ ಮಾದರಿ ತರಿಸಿ ಮೇಜಿನ ಮೇಲಿಟ್ಟಿದ್ದಾರೆ. ಅದರ ಸದ್ದಿಗೆ ನನಗೆ ತಲೆನೋವು, ನಿಮಗೆ ಅದೂ ಬರುವುದಿಲ್ಲ.

ಸಂಜೆ ಬಸ್ಸಿನಲ್ಲಿ ಕೂತಾಗ ನೆನಪಾಯಿತು. ನಾನು ತುಂಬ ಚಿಕ್ಕವಳು, ಗೂಡಿನಲ್ಲಿ ಅಮ್ಮನ ಬೆನ್ನಿಗೆ ಒರಗಿದ್ದೆ. ಅಮ್ಮ ಕುಟ್ಟುತ್ತಲೇ ಇದ್ದಳು, ಕುಟ್ಟುತ್ತಲೇ ಇದ್ದಳು, ಕೊನೆಗೆ ಅವಳ ಬಳೆ ಒಡೆಯಿತು. ಮೇಲೆ ನೀವು ಸುಮ್ಮನೆ ನಿಂತಿದ್ದಿರಿ. ಅವತ್ತು ಆಗಿದ್ದೇನು ಅಪ್ಪ? ಮನೆಯಲ್ಲಿ ಯಾವತ್ತೂ ಆ ಮಾತು ಬರಲಿಲ್ಲ.

ನಿಮ್ಮ ಮಗಳು

ಮಾರ್ಚ್ ೧೭

ಮಗಳೇ,

ಬಳೆ ಒಡೆದದ್ದು ನನಗೆ ಗೊತ್ತಿರಲಿಲ್ಲ. ಕೈಗೆ ಗಾಯವಾಗಿತ್ತು, ಕೇಳಿದರೆ ಹಲಗೆ ತರಚಿತು ಎಂದಳು.

ಅದೊಂದು ಹೊಸ ರಂಗಮಂದಿರ. ಅದರ ಮಾಲೀಕ ಅಭಿಮಾನಿ; ದೊರೆಯ ಆಸ್ಥಾನ ದೊರೆಯ ಆಸ್ಥಾನದಂತೆಯೇ ಇರಲಿ ಎಂದು ಪಾದ ಮುಳುಗುವಷ್ಟು ದಪ್ಪನೆಯ ರತ್ನಗಂಬಳಿಯನ್ನು ರಂಗದ ತುಂಬ ಹಾಸಿಸಿದ. ಕೆಂಪೆಂದರೆ ಕೆಂಪು. ನಾವೆಲ್ಲ ಬೆರಗಾಗಿ ಅದರ ಮೇಲೆ ಬರಿಗಾಲಲ್ಲಿ ಓಡಾಡಿದೆವು. ಕೆಳಗಿರುವವಳನ್ನು ಯಾರೂ ನೆನೆಯಲಿಲ್ಲ.

ಕೊನೆಯ ಅಂಕ. ಸೋತ ದೊರೆ ತಾನೇ ಕಿರೀಟ ಇಳಿಸಿ ಮಗನ ಕೈಗೆ ಕೊಡುವ ದೃಶ್ಯ. ನಾನು ಕಿರೀಟಕ್ಕೆ ಕೈ ಹಾಕಿದೆ. ಮಾತು ಇಲ್ಲ. ಗಂಟಲಲ್ಲಿಲ್ಲ, ತಲೆಯಲ್ಲಿಲ್ಲ. ಕೋಲಿಗಾಗಿ ಅಂಗಾಲು ಕಾಯುತ್ತಿತ್ತು, ಕಂಬಳಿ ಮೌನವಾಗಿತ್ತು. ಅವಳು ಕುಟ್ಟಿದ ಮೇಲೇ ಅವಳ ಬಾಯಿ ನೋಡುವುದು ನನ್ನ ರೂಢಿ; ಆದ್ದರಿಂದ ಗೂಡಿನ ಕಡೆ ನೋಡಲೂ ಇಲ್ಲ. ಸಭೆ ಮೊದಲು ಉಸಿರು ಹಿಡಿಯಿತು, ಆಮೇಲೆ ಕೆಮ್ಮಿತು, ಆಮೇಲೆ ಯಾರೋ ನಕ್ಕರು. ಸಾವಿರ ಜನರ ನಡುವೆ ನಾನು ಅಷ್ಟು ಒಂಟಿಯಾಗಿ ಹಿಂದೆಂದೂ ನಿಂತಿರಲಿಲ್ಲ.

ಆಗ ನಿನ್ನಮ್ಮ ಏನು ಮಾಡಿದಳು? ಗೂಡಿನಿಂದ ಎರಡೂ ಕೈ ಚಾಚಿ ಕಂಬಳಿಯ ಅಂಚು ಹಿಡಿದು ಎಳೆದಳು. ನಾನು ಮುಗ್ಗರಿಸಿ ಸಿಂಹಾಸನದ ಮೇಲೆ ದೊಪ್ಪನೆ ಬಿದ್ದೆ. ದೊರೆ ದುಃಖದಿಂದ ಕುಸಿದ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಬಿತ್ತು. ಮಾತು ಹೊರಗೆ ಬರಲೇ ಇಲ್ಲ.

"ಸಿಂಹಾಸನ ಸಿಕ್ತಲ್ಲ, ಮಾತು ಯಾಕೆ ಬಿಡಿ" ಎಂದಳು ಒಳಗೆ ಬಂದು. ನಕ್ಕಳು. ಆದರೆ ಆ ನಾಟಕವನ್ನು ನಾನು ಮತ್ತೆ ಆಡಲಿಲ್ಲ, ಅವಳೂ ಕೇಳಲಿಲ್ಲ. ಆ ಮಾತು ಇವತ್ತಿಗೂ ನನ್ನ ನಾಲಿಗೆಗೆ ಬಂದಿಲ್ಲ. ಗಾಡಿ ಓಡಿಸುವಾಗ ನಾನು ಗೊಣಗುವುದು ಅದನ್ನು ಹುಡುಕುತ್ತಲೇ. ಮೊದಲ ಪದ ಕೊಡುವವಳಿಲ್ಲ.

ಬಜರ್ ಬೇಡ ಮಗಳೇ.

ನಿನ್ನಪ್ಪ

ಏಪ್ರಿಲ್ ೨೧

ಅಪ್ಪ,

ಕಂಬಳಿ. ನಾವು ಹಾಸಿದ್ದೂ ಅದನ್ನೇ.

ನಿಮ್ಮ ಕಾಗದವನ್ನು ಮೇಸ್ತ್ರಿಗೆ ಓದಿದೆ. ಮೆತ್ತನೆಯದು ನಡುಕವನ್ನು ನುಂಗುತ್ತದೆ ಎಂಬುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ನೊರೆಗೆ ಹೆದರಿ ಹೆದರಿ ಮೋಟಾರನ್ನು ಉಳಿಸುವುದೊಂದೇ ಕೆಲಸ ಎಂದುಕೊಂಡುಬಿಟ್ಟಿದ್ದೆವು. ಅದು ಉಳಿದು ಯಾರಿಗೆ ಮಾತು ಮುಟ್ಟಿಸಬೇಕು ಎಂಬುದನ್ನೇ ಮರೆತಿದ್ದೆವು. ಮೇಸ್ತ್ರಿ ಬಹಳ ಹೊತ್ತು ಗಡ್ಡ ಕೆರೆದುಕೊಂಡು, "ಹಾಗಾದ್ರೆ ಅಂಗಿ ಬೇಡ, ಗೂಡು ಮಾಡೋಣ" ಎಂದರು.

ಈಗ ಮೋಟಾರಿಗೆ ಗಟ್ಟಿ ಪ್ಲಾಸ್ಟಿಕ್ಕಿನ ತೆಳುವಾದ ಗೂಡಿದೆ. ಹೋಳುಗಳ ತುಟಿ ಒಂದರ ಮೇಲೊಂದು ಏರಿ ಕೂರುತ್ತದೆ, ಪೆಟ್ಟಿಗೆಯ ಮುಚ್ಚಳದ ಹಾಗೆ. ಒತ್ತಡ ಹೆಚ್ಚಿದಷ್ಟೂ ಬಿಗಿ. ತಂತಿಯ ತೂತಿಗೆ ರಬ್ಬರಿನ ಬಿರಡೆ. ರಬ್ಬರಿಗೆ ಅಷ್ಟು ಮಾತ್ರ ಕೆಲಸ. ಒಳಗೆ ತೂಕದ ತುಂಡು ತಿರುಗಲು ಖಾಲಿ ಜಾಗ. ಗೂಡಿನ ಅಡಿಯನ್ನು ಲೋಹದ ಎಲುಬಿಗೇ ತಿರುಪು ಹಾಕಿ ಬಿಗಿದಿದ್ದೇವೆ, ನಡುವೆ ಏನನ್ನೂ ಹಾಸದೆ. ಹಲಗೆಗೆ ಕೋಲು ತಾಗುವ ಹಾಗೆ.

ಬೆನ್ನು ಎತ್ತ, ಬಾಯಿ ಎತ್ತ ಎಂಬುದೂ ಇತ್ತು. ದ್ರವ ನುಗ್ಗಿ ಬರುವ ಕಡೆಗೆ ಗೂಡಿನ ಬೆನ್ನು, ಬಾಯಿ ಆಚೆ ಕಡೆಗೆ. ನೊರೆ ಸುತ್ತು ಹಾಕಿ ಬಿರಡೆಯ ಹತ್ತಿರ ಬರುವಷ್ಟರಲ್ಲಿ ದಪ್ಪಗಾಗಿ ಸುಸ್ತಾಗಿರುತ್ತದೆ.

ತುಂಬಿಸಿದ ಚಕ್ರಗಳನ್ನೆಲ್ಲ ಕೊಯ್ದೆವು. ಯಾವುದರಲ್ಲೂ ಗೂಡಿನ ಒಳಗೆ ನೊರೆಯ ಸುಳಿವಿಲ್ಲ. ಹೊಲಿಗೆಯಕ್ಕ ಹಿಡಿದವರೇ, "ಅಯ್ಯೋ ಬಿಡಿಸ್ರೋ" ಎಂದು ಕೈ ಕೊಡವಿದರು. ದೊಡ್ಡವರು ಬಜರನ್ನು ಮೇಜಿನ ಮೇಲಿಂದ ತೆಗೆದು ಜೇಬಿಗೆ ಹಾಕಿಕೊಂಡು ಹೋದರು.

ಗಾಡಿ ಕಂಪನಿಯವರು ಒಪ್ಪಿದ್ದಾರೆ. ಇನ್ನು ನೀವು ಹಿಡಿದು ನೋಡಬೇಕು. ಬನ್ನಿ ಅಪ್ಪ. ದಯವಿಟ್ಟು ಬಸ್ಸಿನಲ್ಲಿ.

ನಿಮ್ಮ ಮಗಳು

ಮೇ ೧೪

ಅಪ್ಪ,

ಹೇಳದೆ ಹೊರಟುಬಿಟ್ಟಿರಿ. ಟೀ ತರುವಷ್ಟರಲ್ಲಿ ಕುರ್ಚಿ ಖಾಲಿ.

ಬಸ್ಸಿನಲ್ಲಿ ಬನ್ನಿ ಎಂದರೆ ಪಟ್ಟದಾನೆಯ ಮೇಲೇ ಬಂದಿರಿ. ಗೇಟಿನ ಕಾವಲುಗಾರನಿಗೆ, "ದೊರೆಗಳು ಬಂದಿದ್ದಾರೆ ಎಂದು ತಿಳಿಸು" ಎಂದಿರಂತೆ. ಅವನು ರಿಜಿಸ್ಟರಿನಲ್ಲಿ ಹಾಗೆಯೇ ಬರೆದುಕೊಂಡಿದ್ದಾನೆ.

ಪರೀಕ್ಷೆಯ ಕಂಬಕ್ಕೆ ಚಕ್ರ ಬಿಗಿದಿದ್ದೆವು. ನೀವು ಹಿಡಿದಿರಿ. ಮೇಸ್ತ್ರಿ ಗುಂಡಿ ಒತ್ತಿದರು. ನಿಮ್ಮ ಮುಖ ನೋಡುತ್ತಿದ್ದೆ. ನೀವು ಮೊದಲು ಚಕ್ರ ನೋಡಲಿಲ್ಲ, ನಿಮ್ಮ ಕಾಲು ನೋಡಿಕೊಂಡಿರಿ. ಆಮೇಲೆ ಕಣ್ಣು ಮುಚ್ಚಿದಿರಿ. ಆಮೇಲೆ ಆ ದನಿ. ಅಪ್ಪ, ನಿಮ್ಮ ಆ ದನಿಯನ್ನು ನಾನು ಗೂಡಿನೊಳಗಿಂದ ಕೇಳಿದ್ದೆ, ಅಷ್ಟೇ.

"ಈ ಕಿರೀಟ ಭಾರವಲ್ಲ ಮಗನೇ, ಇದನ್ನು ಇಳಿಸುವ ಕೈ ಭಾರ."

ಹೊಲಿಗೆ ಮೇಜಿನಲ್ಲಿ ಸೂಜಿಗಳು ನಿಂತವು. ದೊಡ್ಡವರು ಕೋಣೆಯಿಂದ ಹೊರಗೆ ಬಂದರು. ಅದೇ ಕಳೆದುಹೋದ ಮಾತಲ್ಲವೇ? ಕೇಳೋಣವೆಂದರೆ ನೀವಿಲ್ಲ.

ಪಟ್ಟದಾನೆ ಇನ್ನೂ ನಮ್ಮ ಗೇಟಿನ ಹೊರಗೆ ನಿಂತಿದೆ. ಕೀ ನನ್ನ ಕೋಟಿನ ಜೇಬಿನಲ್ಲಿ ಸಿಕ್ಕಿತು. ಮರೆತು ಹೋದಿರಾ? ನೀವು ಊರು ಸೇರಿದ್ದಾದರೂ ಹೇಗೆ? ಹೊಸ ಗಾಡಿಗೆ ಅದೇ ಚಕ್ರ ಬರುತ್ತದೆಂದು ನಿಮ್ಮ ಯಜಮಾನರಿಗೆ ಆಗಲೇ ತಿಳಿಸಿದ್ದೇನೆ. ಇನ್ನು ನೀವೇ ಓಡಿಸಬಹುದು. ಕೂಡಲೇ ಬರೆಯಿರಿ.

ನಿಮ್ಮ ಮಗಳು

ಮೇ ೧೯

ಮಗಳೇ,

ಈ ಸಲ ಗಂಟೆ ಹೊಡೆಯುವುದಿಲ್ಲ. ಮೆಲ್ಲಗೆ ಓದು.

ನಿಮ್ಮ ಚಕ್ರ ಚೆನ್ನಾಗಿದೆ. ಮೇಸ್ತ್ರಿಗೆ ಹೇಳು, ಕಿವಿಯಿಲ್ಲದವನೊಬ್ಬ ಕೈಯಿಂದ ಕೇಳಿಸಿಕೊಂಡನೆಂದು. ಇಂಥದನ್ನು ಮಾಡಿದವಳು ನನ್ನ ಮಗಳು ಎಂದು ಬಸ್ಸಿನಲ್ಲಿ ಪಕ್ಕದವನಿಗೆ ಹೇಳಿದೆ. ಬಸ್ಸಿಗೆಲ್ಲ ಕೇಳಿತೆಂದು ಕಾಣುತ್ತದೆ. ಕಂಡಕ್ಟರ್ ಬಂದು ಕೈ ಕುಲುಕಿದ.

ಹೌದು, ಅದೇ ಮಾತು. ಅವಳ ಬಾಯಿ ಕಂಡಿತು. ಅಷ್ಟೇ ಹೇಳಬಲ್ಲೆ.

ಆದರೆ ಒಂದು ವಿಷಯ ನಿನಗೆ ಗೊತ್ತಾಗಲಿಲ್ಲ. ನಾನು ಬರುವಾಗ ಅವಳ ಕೋಲಿನ ಒಂದು ಪೆಟ್ಟಿಗಾಗಿ ಕಾದುಕೊಂಡು ಬಂದಿದ್ದೆ, ಅಥವಾ ಎರಡಕ್ಕಾಗಿ. ಮರೆತಿದ್ದೀರಿ, ನೋಡಿ. ತಪ್ಪಿದ್ದೀರಿ, ಹಿಂದಕ್ಕೆ ಬನ್ನಿ. ನಿಮ್ಮ ಮೋಟಾರು ಕುಟ್ಟುವುದಿಲ್ಲ. ಅದು ಗರ್ರ್ ಎಂದು ಒಂದೇ ಸಮನೆ ಎಳೆಯುತ್ತದೆ. ಅದು ಅವಳ ಮೂರನೆಯ ಸನ್ನೆ ಎಂದು ನನ್ನ ಅಂಗಾಲಿಗೆ ಮೊದಲು ಗೊತ್ತಾಯಿತು.

ಅಭ್ಯಾಸಬಲ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕೆನಿಸಿತು. ಚಕ್ರದಿಂದ ಎಲ್ಲಿಗೆ ಸರಿಯಲಿ?

ಕೀ ಮರೆತದ್ದಲ್ಲ. ಯಜಮಾನನಿಗೆ ಹೇಳಿದ್ದೇನೆ. ಹೊಸ ಗಾಡಿಯನ್ನು ದೀಪದವನು ಓಡಿಸುತ್ತಾನೆ. ಅವನಿಗೆ ಓಡಿಸುವಾಗ ಅಳುವ ಚಾಳಿಯಿದೆ, ಚಕ್ರ ಅವನಿಗೂ ಬೇಕಾಗುತ್ತದೆ. ನಾನು ಪಕ್ಕದ ಸೀಟಿನಲ್ಲಿ ಕೂತು ಎರಡೂ ಕೈ ಎತ್ತಿ ಸಂಭಾಷಣೆ ಹೇಳುತ್ತೇನೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ರಸ್ತೆ ಹೀಗಿದೆ ಎಂದು ನೋಡಿಯೇ ಇರಲಿಲ್ಲ. ಚಪ್ಪಲಿ ಬಿಟ್ಟು ಪಾದಗಳನ್ನು ಬಸ್ಸಿನ ತಗಡಿನ ಮೇಲಿಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಗರಗರ ಎನ್ನುತ್ತಲೇ ಇತ್ತು. ಬರ್ತಿದ್ದೀನಿ ಮಾರಾಯ್ತಿ, ಬರ್ತಿದ್ದೀನಿ ಎಂದೆ.

ವೇಷ ಕಳಚಿದ,
ನಿನ್ನಪ್ಪ